ಕ್ಲಚ್ ಮೇಷ್ಟ್ರು ಹೋಗಿ ಕೂತ ಮನೆಗಳು

ಶವಪೆಟ್ಟಿಗೆಯಲ್ಲಿ ಮಲಗಿಸಿದ್ದ ಗಂಡನ ಅಂಗಿಗೆ ಕೊನೆಯ ಗುಂಡಿ ಹಾಕುತ್ತಿದ್ದ ಆಕೆಯ ಕೈ ಅಲ್ಲೇ ನಿಂತಿತು. ಬಾಗಿಲಲ್ಲಿ ಯಾರೋ ಹುಡುಗಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಪಕ್ಕದಲ್ಲಿ ಅವಳ ತಾಯಿಯೂ. ಇಬ್ಬರನ್ನೂ ಆಕೆ ಕಂಡವಳಲ್ಲ.

ತೀರಿಕೊಂಡವರು ಮೂವತ್ತು ವರ್ಷ ಕಾರು ಓಡಿಸುವುದನ್ನು ಕಲಿಸಿದವರು. ಊರಿಗೆಲ್ಲ ಕ್ಲಚ್ ಮೇಷ್ಟ್ರು. ಗೇರು ಬೀಳದೆ ಅತ್ತ ಶಿಷ್ಯರು ಬೇಕಾದಷ್ಟಿದ್ದರು. ಆದರೆ ಮೇಷ್ಟ್ರಿಗಾಗಿ ಹೀಗೆ ಅಳುವವರು?

"ಯಾರಮ್ಮ ನೀನು?"

"ಮೇಷ್ಟ್ರ ಹತ್ರ ಡ್ರೈವಿಂಗ್ ಕಲಿತೋಳು, ಆಂಟಿ. ನಂಗೆ ಹುಡುಗೀರೇ ಇಷ್ಟ ಅಂತ ಮೊದಲು ಹೇಳಿದ್ದು ಅವರಿಗೇ. ಕಾರಲ್ಲಿ ಮುಖ ನೋಡ್ಬೇಕಾಗಿಲ್ವಲ್ಲ, ಬಾಯಿಗೆ ಬಂದ್ಬಿಡ್ತು. ಮನೇಲಿ ಹೇಳೋ ದಿನ ಜೊತೇಲಿ ಬಂದು ಕೂತಿದ್ರು."

ತಾಯಿ ಕಣ್ಣೊರೆಸಿಕೊಂಡಳು. "ನಾನು ಬಾಯಿಗೆ ಬಂದಂಗೆ ಕೂಗಾಡಿದೆ. ಎಲ್ಲಾ ಕೇಳಿಸ್ಕೊಂಡು, 'ಇವತ್ತು ಏನೂ ತೀರ್ಮಾನ ಮಾಡ್ಬೇಡಿ, ಊಟಕ್ಕೆ ಮಾತ್ರ ಜೊತೇಲಿ ಕೂತ್ಕೊಳ್ಳಿ. ನಾನು ನನ್ನ ಮಗನ್ನ ನಡುದಾರೀಲಿ ಕಾರಿಂದ ಇಳಿಸಿ ಬಂದೋನು, ನೀವು ಹಂಗ್ಮಾಡ್ಬೇಡಿ' ಅಂದ್ರು."

ಆಕೆ ಅಂಗಳದತ್ತ ತಿರುಗಿದಳು. ಇದ್ದ ಮಗ ಒಬ್ಬನೇ.

*

ಹನ್ನೊಂದು ವರ್ಷದ ಹಿಂದಿನ ಭಾನುವಾರ. ಅಪ್ಪ ಮಗ ಇಬ್ಬರೂ ಕಾರಿನಲ್ಲಿ ಹೋಗಿದ್ದರು. ಬಂದದ್ದು ಅಪ್ಪ ಒಬ್ಬರೇ, ಮುಖದಲ್ಲಿ ರಕ್ತವಿಲ್ಲ.

"ಎಲ್ಲಿ ಅವನು?"

"ಗೆಳೆಯನ ಮನೆಗೆ ಹೋದ."

ಮುಂದಿನ ವಾರವೇ ಮಗ ಬೇರೆ ಊರಲ್ಲಿ ಕೆಲಸ ಹಿಡಿದ. ಆಮೇಲೆ ವರ್ಷಕ್ಕೆರಡು ಸಲ ನೆಂಟನಂತೆ ಬಂದುಹೋಗುತ್ತಿದ್ದ. ಮದುವೆ ಮದುವೆ ಎಂದು ತಾನೇ ಪ್ರಾಣ ತಿಂದೆನೆಂದು ಆಕೆ ಕೊರಗಿದ್ದಳು. ಕೆಲವು ತಿಂಗಳಾದ ಮೇಲೆ ಗಂಡ ಭಾನುವಾರವೂ ಹೊರಡತೊಡಗಿದ್ದರು. ಕೇಳಿದರೆ "ಹೊಸ ಬ್ಯಾಚು" ಎನ್ನುತ್ತಿದ್ದರು. ಆಕೆ ನಂಬಿದ್ದಳು.

*

ಮಗ ಅಂಗಳದಲ್ಲಿ ಕುರ್ಚಿಗಳನ್ನು ಮಡಚಿಡುತ್ತಿದ್ದ.

"ನಿನ್ನ ಕಾರಿಂದ ಇಳಿಸಿದ್ರಂತೆ?"

ಅವನ ಕೈಯಿಂದ ಕುರ್ಚಿ ಜಾರಿತು. "ಆರು ತಿಂಗಳಾದ್ಮೇಲೆ ಅಪ್ಪನೇ ಬಂದಿದ್ರು ಕಣಮ್ಮ. ನನ್ನ ರೂಮಿನ ಮೆಟ್ಟಿಲ ಮೇಲೆ ಕೂತು, ತಪ್ಪಾಯ್ತು ಅಂತ ಅತ್ರು. ಆಮೇಲೆ ಭಾನುವಾರ ಭಾನುವಾರ ನನ್ನಂಥೋರ ಮನೆಗಳಿಗೆ ಹೋಗಿ ಕೂರ್ತಿದ್ರು."

"ನನಗ್ಯಾಕೋ ಹೇಳ್ಲಿಲ್ಲ ಇಬ್ಬರೂ?"

"ನಾನೇ ಬೇಡ ಅಂದೆ. ನೀನೂ ಇಳಿಸಿಬಿಟ್ರೆ ಅಂತ ಭಯ ಆಯ್ತು."

ಆಕೆ ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದಳು. ಊರವರ ಮಕ್ಕಳು ತನ್ನ ಗಂಡನನ್ನು ನೆಚ್ಚಿಕೊಂಡಿದ್ದರು. ತನ್ನ ಮಗ ತನ್ನನ್ನು ನೆಚ್ಚಲಿಲ್ಲ. ಜಗಳವಾಡಬೇಕೆಂದರೆ ಒಬ್ಬರು ಕಣ್ಣು ಮುಚ್ಚಿ ಮಲಗಿದ್ದರು.

"ಒಬ್ಬನೇ ಇದ್ದೀಯೇನೋ ಅಲ್ಲಿ?" ಎಂದು ಕೊನೆಗೆ ಕೇಳಿದಳು.

ಮಗ ರಸ್ತೆಯಾಚೆ ನೋಡಿದ. ಮುಚ್ಚಿದ ಅಂಗಡಿಯ ಮುಂದೆ ಕನ್ನಡಕದವನೊಬ್ಬ ಬಿಸಿಲಲ್ಲಿ ನಿಂತಿದ್ದ. "ಒಂಬತ್ತು ವರ್ಷದಿಂದ ಜೊತೇಲಿದ್ದೀವಿ. ಅಮ್ಮನಿಗೆ ಕಷ್ಟ ಆಗುತ್ತೆ, ಒಳಗೆ ಬರಲ್ಲ ಅಂದ."

ಅಷ್ಟರಲ್ಲಿ ಶವದ ಗಾಡಿ ಗುರುಗುಟ್ಟಿತು. "ಮನೆಯವರು ಮಾತ್ರ ಹತ್ತಿಕೊಳ್ರಪ್ಪಾ, ಜಾಗ ಇಲ್ಲ!" ಮೈದುನ ಕೂಗಿದ.

ಆಕೆ ಬರಿಗಾಲಲ್ಲೇ ರಸ್ತೆ ದಾಟಿದಳು. ಕನ್ನಡಕದವನ ಮಣಿಕಟ್ಟು ಹಿಡಿದು, "ಬಾಪ್ಪ, ಹೊತ್ತಾಯ್ತು" ಎಂದಳು.

ಗಾಡಿಯೊಳಗೆ ಮೈದುನ ಬಾಯಿ ತೆರೆದ. "ಅತ್ತಿಗೇ, ಇವರು ಯಾರು..."

"ನೀವು ಸ್ವಲ್ಪ ಆ ಕಡೆ ಸರೀರಿ."

ತಿರುವಿನಲ್ಲಿ ಗಾಡಿ ವಾಲಿತು. ಪೆಟ್ಟಿಗೆ ಜಾರದಂತೆ ಮಗನೂ ಕನ್ನಡಕದವನೂ ಒಟ್ಟಿಗೇ ಕೈಚಾಚಿದರು. ಗಾಡಿ ನೆಟ್ಟಗಾದ ಮೇಲೂ ಎರಡು ಕೈಗಳೂ ಅಕ್ಕಪಕ್ಕ ಅಲ್ಲೇ ಇದ್ದವು. ಆಕೆ ಕಣ್ಣು ಮಿಟುಕಿಸದೆ ಆ ಕೈಗಳನ್ನೇ ನೋಡುತ್ತ ಕೂತಳು.