ಕಡಲ್ಗಳ್ಳನ ಬಲಗೈ

"ತೋಳು ಇನ್ನೂ ಮೇಲಕ್ಕೆತ್ತೋ. ಅವರಿಗೆ ಕಾಣ್ಬೇಡ್ವಾ?" ಎಂದ ಸಾಹುಕಾರ ಸಿದ್ದಮಲ್ಲಪ್ಪ.

ಹುಚ್ಚಣ್ಣ ಎಡಗೈಯಿಂದ ಅಂಗಿಯ ಬಲತೋಳನ್ನು ಮೊಣಕೈವರೆಗೆ ಸರಿಸಿದ. ಬೆಳಿಗ್ಗೆ ಹೆಂಡತಿ ಬೋರಮ್ಮ ಆ ತೋಳಿಗೂ ಇಸ್ತ್ರಿ ಮಾಡಿಸಿ ತಂದಿದ್ದಳು. ಎಂಟು ತಿಂಗಳಾದ ಮೇಲೆ ಸಾಹುಕಾರರು ಹೇಳಿ ಕಳಿಸಿದ್ದಾರೆ ಅಂದರೆ ಕೆಲಸಕ್ಕಲ್ಲದೆ ಇನ್ಯಾತಕ್ಕೆ?

ಹಿನಕಲ್‌ನ ಈ ಆಟಿಕೆ ಕಾರ್ಖಾನೆಯಲ್ಲಿ ಹುಚ್ಚಣ್ಣ ಹದಿನಾಲ್ಕು ವರ್ಷ ಮರ ಕೊಯ್ದವನು. ಗರಗಸದ ಮೆಷಿನ್ನಿಗೆ ಕೈ ತಾಗದಂತೆ ಅಡ್ಡವಾಗಿ ಒಂದು ತಗಡಿತ್ತು. ಕೆಲಸ ನಿಧಾನವಾಗುತ್ತದೆಂದು ಸಿದ್ದಮಲ್ಲಪ್ಪನೇ ಅದನ್ನು ಬಿಚ್ಚಿಸಿದ. ಮೂರನೇ ವಾರಕ್ಕೆ ಹುಚ್ಚಣ್ಣನ ಬಲಗೈ ಮಣಿಕಟ್ಟಿನವರೆಗೆ ಹೋಯಿತು. "ಒಂಟಿ ಕೈಯವನನ್ನ ಇಟ್ಕೊಂಡು ನಾನೇನು ಮಾಡ್ಲಿ?" ಎಂದು ಆಸ್ಪತ್ರೆಯ ಬಾಗಿಲಲ್ಲೇ ಅವನನ್ನು ಕೈಬಿಟ್ಟ.

ಈಗ ಆ ಇಲ್ಲದ ಕೈಗೆ ಬೇಡಿಕೆ ಬಂದಿತ್ತು. ಮೈಸೂರಿನ ಗೋಕುಲಂನಲ್ಲಿ ಯೋಗ ಕಲಿಯುತ್ತಿದ್ದ ಫಾರಿನ್ ಹೆಂಗಸೊಬ್ಬಳು ತನ್ನೂರಿನ ಮ್ಯೂಸಿಯಂ ಅಂಗಡಿಗೆಂದು ಒಂದೇ ಬಗೆಯ ಅರವತ್ತು ಕಡಲ್ಗಳ್ಳರ ಬೊಂಬೆ ಮಾಡಲು ಹೇಳಿದ್ದಳು. ಸಿದ್ದಮಲ್ಲಪ್ಪ ಎಲ್ಲದರ ಬಲಗೈಗೂ ಮರದ ಕೊಕ್ಕೆ ಮಾಡಿಸಿದ್ದ. ಕೊಕ್ಕೆ ಸಿನಿಮಾದವರ ಸುಳ್ಳು, ಇತಿಹಾಸ ಸರಿಯಿರಬೇಕು, ಬರೀ ಮೊಂಡುಗೈ ಇರಲಿ ಅಂದಳು ಅವಳು. ಅದು ಹೇಗಿರುತ್ತದೆ ಅಂತ ಯಾರಿಗೆ ಗೊತ್ತು?

"ನಮ್ಮತ್ರ ಒಂದಿದೆ," ಅಂದಿದ್ದ ಸಿದ್ದಮಲ್ಲಪ್ಪ.

ಈಗ ಅವಳು ಹುಚ್ಚಣ್ಣನ ಮೊಂಡುಗೈಯನ್ನು ಬೆಳಕಿಗೆ ತಿರುಗಿಸಿದಳು, ಟೇಪು ಹಿಡಿದಳು, ಹೊಲಿಗೆಯ ಗೆರೆಯನ್ನು ಚಿತ್ರದಲ್ಲಿ ಬರೆದುಕೊಂಡಳು. ಹೆಸರು ಕೇಳಲಿಲ್ಲ. ನಗುನಗುತ್ತಾ ಇಂಗ್ಲಿಷಿನಲ್ಲಿ ಏನೋ ಹೇಳಿದಳು.

"ಏನಂತವ್ರೆ ಕಣವ್ವ?" ಎಂದು ಹುಚ್ಚಣ್ಣ ಸಾಹುಕಾರನ ಮಗಳು ಶಿವಾನಿಯನ್ನು ಕೇಳಿದ. ಕಾಲೇಜಿನ ಹುಡುಗಿ, ಮಾತು ತಿಳಿಸಲೆಂದೇ ಬಂದಿದ್ದಳು.

"ಕೈ ಹೋದವನನ್ನ ಆ ಹಡಗುಗಳಿಂದ ಓಡಿಸ್ತಿರ್ಲಿಲ್ವಂತೆ ಹುಚ್ಚಣ್ಣ. ಲೂಟಿ ಹಂಚೋಕೆ ಮುಂಚೆ ಅವನಿಗೆ ಅಂತ ಒಂದು ಪಾಲು ತೆಗೆದಿಡ್ತಿದ್ರಂತೆ. ಆಮೇಲೂ ಅಡುಗೆಗೋ ಕಾವಲಿಗೋ ಇಟ್ಕೊಳ್ತಿದ್ರಂತೆ."

ಹೇಳಿ ಮುಗಿದ ಮೇಲೆ ಅವಳಿಗೆ ಅಪ್ಪನ ಮುಖ ಕಂಡಿತು.

ಹುಚ್ಚಣ್ಣ ಒಂದು ಹೆಜ್ಜೆ ಮುಂದೆ ಬಂದ. "ಕಾವ್ಲಿಗೆ ಒಂದ್ ಕೈ ಸಾಕು ಸಾವ್ಕಾರ್ರೆ. ಬಣ್ಣ ಕಲ್ಸದೂ ಎಡಗೈಲೇ ಕಲ್ತ್ಕೊಂಡಿವ್ನಿ."

"ಅವರು ಕಳ್ಳರು ಕಣೋ," ಎಂದ ಸಿದ್ದಮಲ್ಲಪ್ಪ. "ಯಾರದೋ ದುಡ್ಡು, ಹಂಚ್ತಾರೆ. ನಮ್ದು ಮರ್ಯಾದಸ್ಥರ ಕಾರ್ಖಾನೆ."

ಕೆಲಸದವರು ನಕ್ಕರು. ಅವರು ನಕ್ಕರೆಂದು ಫಾರಿನ್ ಹೆಂಗಸೂ ನಕ್ಕಳು. ಎಲ್ಲರೂ ನಗುತ್ತಿರುವಾಗ ಸುಮ್ಮನಿರಲು ತಿಳಿಯದೆ ಹುಚ್ಚಣ್ಣನೂ ನಕ್ಕ.

"ಟೀ ಕುಡ್ಕೊಂಡು ಹೋಗು," ಎಂದು ಸಿದ್ದಮಲ್ಲಪ್ಪ ಅವನಿಗೆ ಬೆನ್ನು ಹಾಕಿದ. "ಲೋಕೇಶ, ಅರವತ್ತರದ್ದೂ ಕೊಯ್ದಾಕು. ಮಣಿಕಟ್ಟಿಗೆ ಸರಿಯಾಗಿ."

ಹುಚ್ಚಣ್ಣನ ಜಾಗಕ್ಕೆ ಬಂದಿದ್ದ ಲೋಕೇಶ ಅದೇ ಮೆಷಿನ್ನು ಚಾಲೂ ಮಾಡಿದ. ತಗಡು ಇದ್ದ ಕಡೆ ಈಗಲೂ ನಾಲ್ಕು ತಿರುಪಿನ ತೂತುಗಳು ಮಾತ್ರ. ಹುಚ್ಚಣ್ಣ ಟೀ ಮುಟ್ಟದೆ ಬಾಗಿಲವರೆಗೆ ಹೋದವನು ತಿರುಗಿ ನಿಂತ. ಅಂಗಿಯ ಬಲತೋಳು ಇನ್ನೂ ಮೇಲಕ್ಕೇ ಇತ್ತು.

"ಎಬ್ಬೆಟ್ಟು ಒಳಕ್ಕೆ ಮಡಿಕಳ್ಳಾ," ಎಂದ.

ಗರಗಸದ ಸದ್ದಿಗೆ ಲೋಕೇಶನಿಗೆ ಕೇಳಿಸಲಿಲ್ಲ. ಮೊದಲ ಕೊಕ್ಕೆ ಮರದ ಹೊಟ್ಟಿನ ಮೇಲೆ ಬಿತ್ತು. ಅವನು ಎರಡನೇ ಬೊಂಬೆಗೆ ಕೈ ಚಾಚಿದ.