ತೊಳೆದುಹೋದ ಅನಂತ

ಅಟೆಂಡರಮ್ಮನಿಗೆ ಆ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ. ಯಾವ ಬ್ಯುರೆಟ್ಟಿನ ತಿರುಪು ಸೋರುತ್ತೆ, ಯಾವ ಹುಡುಗ ಪಕ್ಕದವನ ರೀಡಿಂಗ್ ಕದೀತಾನೆ, ಎಲ್ಲ ಅವಳಿಗೆ ಅಂಗೈ ಗೆರೆಯಷ್ಟು ಗೊತ್ತು. ಕೆಮಿಸ್ಟ್ರಿ ಮಾತ್ರ ಗೊತ್ತಿಲ್ಲ, ಬಿಡಿ. ಅದನ್ನು ಓದೋಕೆ ಮಗಳಿದ್ದಾಳಲ್ಲ.

ಮಗಳು ಅದೇ ಕಾಲೇಜಿನಲ್ಲಿ ಡಿಗ್ರಿಯ ಕೊನೇ ವರ್ಷ. ಹೋದ ಸಲ ಫಿಸಿಕಲ್ ಕೆಮಿಸ್ಟ್ರಿ ಪ್ರಾಕ್ಟಿಕಲ್‌ನಲ್ಲಿ ಡುಮ್ಕಿ ಹೊಡೆದಿದ್ದಳು. ಈ ಸಲವೂ ಹೋದರೆ ಎಂಎಸ್ಸಿ ಆಸೆಗೆ ಎಳ್ಳುನೀರು ಬಿಟ್ಟ ಹಾಗೇ.

ಪರೀಕ್ಷೆ ಎರಡು ದಿನದ್ದು. ಮೊದಲ ದಿನ ಎಸ್ಟರಿಗೆ ಆಸಿಡ್ ಬೆರೆಸಿ, ಹತ್ತು ಹತ್ತು ನಿಮಿಷಕ್ಕೆ ಒಂದಿಷ್ಟು ತೆಗೆದು, ಐಸ್ ನೀರಿಗೆ ಹಾಕಿ, ಎಷ್ಟು ಕ್ಷಾರ ಹಿಡಿಯಿತು ಅಂತ ಬರೆದುಕೊಳ್ಳಬೇಕು. ಉಳಿದದ್ದನ್ನು ಫ್ಲಾಸ್ಕಿನಲ್ಲೇ ಬಿಟ್ಟು ಹೋಗಬೇಕು. ಮರುದಿನದ ಹೊತ್ತಿಗೆ ಕ್ರಿಯೆ ಪೂರ್ತಿ ಮುಗಿದಿರುತ್ತೆ. ಆಗ ಸಿಗುವ ಕೊನೇ ಅಂಕಿಗೆ ‘ಅನಂತ’ ಅಂತ ಹೆಸರು. ಹಿಂದಿನ ಅಂಕಿಗಳನ್ನೆಲ್ಲ ಅದರಿಂದ ಕಳೆದರೇನೇ ಲೆಕ್ಕ. ಅದಿಲ್ಲದಿದ್ದರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೇಹಣ್ಣು ತೊಳೆದ ಹಾಗೆ.

ಇಷ್ಟು ವರ್ಷದಲ್ಲಿ ಅಟೆಂಡರಮ್ಮ ಒಬ್ಬರ ಅನಂತವನ್ನೂ ಮುಟ್ಟಿದವಳಲ್ಲ. ಆದರೆ ಎರಡನೇ ದಿನ ಮಗಳ ಟೇಬಲ್ ಫಳಫಳ ಅನ್ನಲಿ ಅಂತ ಒಂದು ಗಂಟೆ ಮುಂಚೆ ಬಂದಳು ನೋಡಿ, ಅಲ್ಲೇ ಎಡವಟ್ಟಾಯಿತು. ಚೀಟಿ ನೋಡಿಯೇ ಅನಂತ ಗುರುತಿಸುವವಳು ಅವಳು; ಈ ಫ್ಲಾಸ್ಕಿನ ಚೀಟಿ ಒದ್ದೆಯಾಗಿ ಕಿತ್ತು ಬಿದ್ದಿತ್ತು. ‘ಯಾವನೋ ಕೊಳಕ ನನ್ನ ಮಗಳ ಜಾಗದಲ್ಲಿ ತೊಳೀದೆ ಬಿಟ್ಟು ಹೋಗಿದ್ದಾನೆ’ ಅಂತ ಬೈಕೊಂಡೇ ಸಿಂಕಿಗೆ ಸುರಿದು, ಎರಡೆರಡು ಸಲ ತೊಳೆದು ಬೋರಲು ಹಾಕಿದಳು.

ಪರೀಕ್ಷೆಯ ಗಂಟೆ ಹೊಡೆಯಿತು. ಮಗಳು ಬಂದು ಅತ್ತಿತ್ತ ಹುಡುಕಿದಳು. “ಅಮ್ಮ, ಇಲ್ಲಿದ್ದ ಫ್ಲಾಸ್ಕ್?”

ಅಟೆಂಡರಮ್ಮ ಸಿಂಕಿನ ಕಡೆ ತಿರುಗಿದಳು. ಬೋರಲು ಬಿದ್ದಿದ್ದ ಫ್ಲಾಸ್ಕಿನ ಕಡೆ ಇಬ್ಬರೂ ನೋಡಿದರು.

ಹೊರಗಿನ ಕಾಲೇಜಿನಿಂದ ಬಂದಿದ್ದ ಪರೀಕ್ಷಕರು ಕನ್ನಡಕದ ಮೇಲಿಂದ ನೋಡುವ ಆಸಾಮಿ. “ಏನಮ್ಮ, ನಿನ್ನ ಅನಂತ ಎಲ್ಲಿ?” ಅಂದರು.

“ತೊಳೆದುಬಿಟ್ಟೆ ಸರ್. ನಾನೇ,” ಅಂದಳು ಮಗಳು.

“ಭೇಷ್. ಈಗೇನು ಮಾಡ್ತೀಯ?”

“ಸ್ವಲ್ಪ ಹೊತ್ತು ಕೊಡಿ ಸರ್, ನೋಡ್ತೀನಿ.”

ಅಟೆಂಡರಮ್ಮ ಸಿಂಕಿನ ಪಕ್ಕ ನಿಂತು, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ತನ್ನ ಕೈಗಳಿಗೇ ಶಾಪ ಹಾಕಿದಳು. ಹೆತ್ತವಳೇ ಮಗಳ ಅನ್ನಕ್ಕೆ ಮಣ್ಣು ಹಾಕಿದಳಲ್ಲ ಅಂತ ಹಳಹಳಿಸಿದಳು.

ಮಗಳು ತನ್ನ ರೀಡಿಂಗ್ ಹಾಳೆ ದಿಟ್ಟಿಸುತ್ತಾ ಕೂತಳು. ಹಿಂದಿನ ದಿನ ಉಳಿದವರೆಲ್ಲ ಒಂದು ಗಂಟೆ ಹೊತ್ತು ರೀಡಿಂಗ್ ತೆಗೆದು ಕೈ ತೊಳೆದುಕೊಂಡಿದ್ದರು. ಹೋದ ಸಲದ ಪೆಟ್ಟು ತಿಂದಿದ್ದ ಇವಳು, ಗೆಳತಿಯರು ಪುಕ್ಕಲಿ ಅಂತ ರೇಗಿಸಿದರೂ, ಎರಡು ಗಂಟೆ ಹೊತ್ತು ತೆಗೆದಿದ್ದಳು. ಈಗ ಮೊದಲ ಗಂಟೆಯ ಆರು ಅಂಕಿ ಒಂದು ಸಾಲಿನಲ್ಲಿ, ಎರಡನೇ ಗಂಟೆಯ ಆರು ಅದರೆದುರಿಗೆ ಬರೆದಳು. ಹತ್ತನೇ ನಿಮಿಷಕ್ಕೆ ಎಪ್ಪತ್ತನೆಯದು ಜೋಡಿ, ಇಪ್ಪತ್ತಕ್ಕೆ ಎಂಬತ್ತು. ಒಂದರಿಂದ ಒಂದು ಕಳೆಯುತ್ತಾ ಹೋದಳು.

“ಇದೇನು ಆಟ?” ಅಂದರು ಪರೀಕ್ಷಕರು.

“ಎರಡು ಸಾಲಿಗೂ ಅನಂತ ಒಂದೇ ಅಲ್ವಾ ಸರ್? ಜೋಡಿ ಜೋಡಿ ಕಳೆದರೆ ಅದೇ ಹೊಡೆದುಹೋಗುತ್ತೆ. ಉಳಿದದ್ದರ ಲಾಗ್ ತೆಗೆದು ಗೆರೆ ಎಳೆದರೆ ಇಳಿಜಾರು ಅನಂತ ಇದ್ದಿದ್ದರೆ ಬರ್ತಿದ್ದಷ್ಟೇ ಬರುತ್ತೆ. ಪಠ್ಯಪುಸ್ತಕದಲ್ಲಿ ಸಣ್ಣಕ್ಷರದಲ್ಲಿದೆ.”

“ಸಣ್ಣಕ್ಷರ ಓದೋರೂ ಇದ್ದಾರಾ ಈ ಕಾಲದಲ್ಲಿ,” ಅಂತ ಅವರು ಸ್ಟೂಲು ಎಳೆದುಕೊಂಡು ಕೂತೇ ಬಿಟ್ಟರು. ಗ್ರಾಫ್ ಮುಗಿಯುವ ತನಕ ಏಳಲಿಲ್ಲ.

ಅವರು ಮಾರ್ಕ್ಸಿನ ಹಾಳೆ ತೆಗೆದಾಗ ಅಟೆಂಡರಮ್ಮನಿಗೆ ತಡೆಯಲಾಗಲಿಲ್ಲ. ಸೀದಾ ಎದುರಿಗೆ ಹೋಗಿ ನಿಂತಳು. “ಸರ್, ತೊಳೆದವಳು ನಾನು. ನನ್ನ ಮಗಳು ಅವಳು, ನನ್ನ ಉಳಿಸೋಕೆ ಸುಳ್ಳು ಹೇಳಿದಳು. ಬರೆಯೋದಿದ್ದರೆ ನನ್ನ ಮೇಲೆ ಬರೀರಿ. ಅವಳ ಮಾರ್ಕ್ಸು ಮುಟ್ಟಬೇಡಿ.”

ಪರೀಕ್ಷಕರು ಹಾಳೆಯನ್ನು ಮೇಲಿಂದ ಕೆಳಗೆ ನೋಡಿದರು. “ಯಾರು ತೊಳೆದರು ಅಂತ ಬರೆಯೋಕೆ ಇದರಲ್ಲಿ ಕಾಲಮ್ಮೇ ಇಲ್ಲಮ್ಮ. ಗೆರೆ ಒಂಚೂರು ಸೊಟ್ಟ ಇದೆ, ಅದಕ್ಕೆ ಎರಡು ಕಳೆದಿದ್ದೀನಿ. ಉಳಿದದ್ದೆಲ್ಲ ಅವಳದೇ.”

ಅವರು ಅತ್ತ ಹೋದದ್ದೇ ತಡ, ಅಟೆಂಡರಮ್ಮ ಅದೇ ಸ್ಟೂಲಿನ ಮೇಲೆ ಕುಸಿದು ಬಿಕ್ಕಿದಳು. ಮಗಳು ಕೋಟಿನ ತೋಳಿನಲ್ಲಿ ಅವಳ ಮುಖ ಒರೆಸಿದಳು.

“ಸಾಕು ಅಳಬೇಡ. ನೀನು ತೊಳೀದೆ ಬಿಟ್ಟಿದ್ದಿದ್ದರೆ ನಾನು ಎಲ್ಲರ ಹಾಗೇ ಪಾಸಾಗ್ತಿದ್ದೆ.”

ನಗಬೇಕೋ ಅಳಬೇಕೋ ಅಟೆಂಡರಮ್ಮನಿಗೆ ತಿಳಿಯಲಿಲ್ಲ. ಎರಡನ್ನೂ ಮಾಡಿದಳು.