ಅಳತೆಗೆ ತಕ್ಕ ಮನೆ

ಹನ್ನೊಂದನೆಯ ಮಹಡಿಯಲ್ಲಿ ಲಿಫ್ಟಿನ ಬಾಗಿಲು ಪೂರ್ತಿ ತೆರೆಯುವ ಮೊದಲೇ ಹೇರಾನ್‌ಗೆ ಆ ವಾಸನೆ ಬಡಿಯಿತು. ಉಪ್ಪು, ಸೀದ ಬೆಲ್ಲ, ಒದ್ದೆ ಮಣ್ಣು ಎಲ್ಲ ಕಲೆತಂಥ ವಾಸನೆ. ವರ್ಷಕ್ಕೊಮ್ಮೆ ಚಳಿ ಮುಗಿಯುವ ಹೊತ್ತಿನಲ್ಲಿ ಜಾಡಿಯ ಮುಚ್ಚಳ ತೆಗೆದಾಗ ಒಂದು ಎಳೆಯಷ್ಟು ಮಾತ್ರ ಮೂಗಿಗೆ ಸಿಗುತ್ತಿದ್ದದ್ದು ಇವತ್ತು ಇಡೀ ಕಾರಿಡಾರ್ ತುಂಬ ಹರಡಿತ್ತು. ಅವಳು ಚಪ್ಪಲಿ ಬಿಟ್ಟು, ಕೈಚೀಲವನ್ನು ಹೆಗಲಲ್ಲೇ ಇಟ್ಟುಕೊಂಡು ನೇರ ಬಾಲ್ಕನಿಗೆ ಹೋದಳು.

ಅವಳ ಗಂಡ ಸಾಂಗ್‌ಮೊ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಿಚಿಕೊಂಡು ಪೈಪಿನಿಂದ ನೀರು ಬಿಡುತ್ತಿದ್ದ. ಕಪ್ಪು ನೀರು ಮೂಲೆಯ ತೂತಿನ ಸುತ್ತ ಸುಳಿ ಸುತ್ತಿ ಇಳಿಯುತ್ತಿತ್ತು. ಗೋಡೆಯ ಬುಡದಲ್ಲಿ ಮೂರೂ ಜಾಡಿಗಳನ್ನು ಬೋರಲು ಹಾಕಿದ್ದ.

"ಬೇಗ ಬಂದ್ಬಿಟ್ಯಾ? ನೀನು ಬರೋಷ್ಟರಲ್ಲಿ ತೊಳೆದು ಮುಗಿಸೋಣ ಅಂತಿದ್ದೆ," ಎಂದ ಅವನು, ತಿರುಗಿ ನೋಡದೆ.

ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದು ಸಾಂಗ್‌ಮೊ ಮಾರ್ಚಿಯಲ್ಲಿ ಸ್ವಯಂ ನಿವೃತ್ತಿ ತೆಗೆದುಕೊಂಡಿದ್ದ. ಅವನಿಗೆ ಐವತ್ತೈದು, ಅವಳಿಗೆ ಐವತ್ತೆರಡು. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಇಪ್ಪತ್ತೆಂಟು ವರ್ಷ ಕಳೆದ ಹೇರಾನ್ ಜೂನ್ ಕೊನೆಗೆ ಬಿಡುವುದೆಂದು ಅರ್ಜಿ ಕೊಟ್ಟಾಗಿತ್ತು. ದೇಜಾನ್ ನಗರದ ಈ ಮೂರು ಕೋಣೆಯ ಮನೆ ಮಾರಿ, ದಕ್ಷಿಣದ ಕಡಲತೀರದ ಸಾಮ್‌ಚನ್‌ಪೊ ಊರಿನಲ್ಲಿ ಒಂದು ಕೋಣೆಯ ಮನೆ ಕೊಂಡಾಗಿತ್ತು. ಮಿಕ್ಕ ಹಣದಲ್ಲಿ ಸಾಯುವವರೆಗೆ ಬದುಕುವುದು. ಮಕ್ಕಳಾಗುವುದಿಲ್ಲವೆಂದು ಖಚಿತವಾದ ಮೇಲೆ ಸಾಂಗ್‌ಮೊ ಕಟ್ಟಿಕೊಂಡ ಲೆಕ್ಕ ಇದು. ಒಂಬತ್ತು ವರ್ಷ ಅದನ್ನು ಮಗುವಿನಂತೆಯೇ ಸಾಕಿದ್ದ.

ಸಾಕಿದ್ದು ಅವನೊಬ್ಬನೇ ಅಲ್ಲ. ಒಂಬತ್ತು ಚಳಿಗಾಲ ಅವಳು ಹೀಟರ್ ಹಾಕದೆ ಮನೆಯೊಳಗೆ ಕೋಟು ಹಾಕಿಕೊಂಡೇ ಅಡುಗೆ ಮಾಡಿದ್ದಳು. ಸಹೋದ್ಯೋಗಿಗಳು ಕಾಫಿಗೆ ಕರೆದರೆ ಹೊಟ್ಟೆ ಸರಿಯಿಲ್ಲ ಅನ್ನುತ್ತಿದ್ದಳು. ಕೊನೆಗೆ ಅವರು ಕರೆಯುವುದನ್ನೇ ಬಿಟ್ಟರು. ಅವಳ ಅಕ್ಕನ ಮಗಳ ಮದುವೆಗೆ ಮುಯ್ಯಿ ಇಡುವಾಗ ಸಾಂಗ್‌ಮೊ ತಮ್ಮಿಬ್ಬರ ಮದುವೆಯ ಹಳೆಯ ಮುಯ್ಯಿ ಪುಸ್ತಕ ಹುಡುಕಿ ತೆಗೆದು, ಇಪ್ಪತ್ತನಾಲ್ಕು ವರ್ಷದ ಹಿಂದೆ ಅಕ್ಕ ಎಷ್ಟು ಇಟ್ಟಿದ್ದಳೋ ಅಷ್ಟನ್ನೇ ಲಕೋಟೆಗೆ ಹಾಕಿದ್ದ. ಅಕ್ಕ ಆಮೇಲೆ ಫೋನೇ ಮಾಡಲಿಲ್ಲ. ಹೇರಾನ್ ಇದನ್ನೆಲ್ಲ ನುಂಗಿಕೊಂಡಿದ್ದಳು. ಇನ್ನು ಮುಂದೆ ಬೆಳಗ್ಗೆ ಎದ್ದು ಯಾರ ಮುಂದೆಯೂ ನಗುಮುಖ ಹೊತ್ತು ಕೂರಬೇಕಾಗಿಲ್ಲ ಎಂಬ ಆಸೆ ಅವಳಿಗೂ ಇತ್ತು.

ಮನೆ ಕಿರಿದಾಗುವುದೆಂದರೆ ಸಾಮಾನು ಕರಗುವುದು. ಮಾರ್ಚಿಯಿಂದ ಸಾಂಗ್‌ಮೊನ ಕೈಯಲ್ಲಿ ಸದಾ ಅಳತೆ ಟೇಪು. ಹೊಸ ಮನೆಯ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿ, ಯಾವುದು ಎಲ್ಲಿ ಕೂರುತ್ತದೆಂದು ಗೀಟು ಹಾಕುತ್ತಿದ್ದ. ಆಮೇಲೆ ಆ ಮೇಜನ್ನೇ ಮಾರಿದ. ಫೋಟೊ ತೆಗೆದು ಮೊಬೈಲಿನ ಮಾರಾಟದ ಆ್ಯಪಿಗೆ ಹಾಕಿದರೆ ಅಕ್ಕಪಕ್ಕದ ಬಡಾವಣೆಯವರು ಬಂದು ಒಯ್ಯುತ್ತಿದ್ದರು. ಸಂಜೆ ಅವಳು ಮನೆಗೆ ಬಂದಾಗ ಗೋಡೆಯ ಮೇಲೆ ಬೀರು ಇದ್ದ ಜಾಗದಲ್ಲಿ ಅಷ್ಟಗಲ ಬಿಳಿ ಚೌಕ ಮಾತ್ರ ಇರುತ್ತಿತ್ತು. ಅವಳು ಯಾವುದಕ್ಕೂ ಅಡ್ಡ ಹೇಳಲಿಲ್ಲ. ಕೇಳಿಕೊಂಡದ್ದು ಒಂದನ್ನೇ, ಆ ಜಾಡಿಗಳನ್ನು.

ಅವು ಅವಳ ತಾಯಿಯ ಜಾಡಿಗಳು. ಸೋಯಾ ಕಾಳನ್ನು ಉಪ್ಪುನೀರಿನಲ್ಲಿ ಹುದುಗಿಸಿ ಮಾಡುವ, ಅಡುಗೆಗೆ ಹಾಕುವ ರಸ ಅವುಗಳಲ್ಲಿತ್ತು. ತಾಯಿ ಮದುವೆಯಾಗಿ ಬಂದ ವರ್ಷ ಅತ್ತೆ ತನ್ನ ಜಾಡಿಯಿಂದ ಒಂದು ಚೊಂಬು ತೆಗೆದುಕೊಟ್ಟದ್ದು. ಮೊಸರಿಗೆ ಹೆಪ್ಪು ಹಾಕಿದ ಹಾಗೆ, ಪ್ರತಿ ವಸಂತದಲ್ಲೂ ಹೊಸ ರಸಕ್ಕೆ ಹಳೆಯದನ್ನು ಬೆರೆಸುತ್ತ ಅರವತ್ತು ವರ್ಷ ನಡೆದು ಬಂದಿತ್ತು. ತಾಯಿ ತೀರಿಕೊಂಡಾಗ, ಅಡುಗೆಯ ಕೈ ನಿನ್ನದೇ ಚೆನ್ನಾಗಿದೆ ಎಂದು ಅಕ್ಕ ಮೂರನ್ನೂ ಇವಳಿಗೇ ಬಿಟ್ಟಳು. ಹೊಸ ಮನೆಯ ಬಾಲ್ಕನಿ ಅಳೆದು ಬಂದ ಸಾಂಗ್‌ಮೊ ಮೂರಕ್ಕೂ ಜಾಗವಿಲ್ಲವೆಂದಾಗ ಹೇರಾನ್ ಎರಡಕ್ಕೆ ಇಳಿದಳು. ಅದೂ ಆಗದೆಂದಾಗ ಒಂದಕ್ಕೆ, ಅದರಲ್ಲೂ ಚಿಕ್ಕದಕ್ಕೆ. ಅವನು ಒಪ್ಪಿ, ನಕ್ಷೆಯಲ್ಲಿ ವಾಷಿಂಗ್ ಮೆಷೀನಿನ ಪಕ್ಕ ಜಾಡಿಯ ಗುರುತಿಗೆ ಒಂದು ಸೊನ್ನೆ ಬರೆದಿದ್ದ.

"ಚಿಕ್ಕದನ್ನ ಇಟ್ಕೊಳ್ಳೋಣ ಅಂದಿದ್ರಲ್ಲ," ಎಂದಳು ಹೇರಾನ್ ಈಗ.

ಸಾಂಗ್‌ಮೊ ನಲ್ಲಿ ನಿಲ್ಲಿಸಿದ. ಯಾರೋ ಕಾಫಿ ಅಂಗಡಿಯಾಕೆ, ತೋಟದಲ್ಲಿ ಅಲಂಕಾರಕ್ಕೆ ಇಡಲು ಕೊಳ್ಳುತ್ತಾಳಂತೆ. ಮೂರೂ ಒಟ್ಟಿಗಿದ್ದರೆ ಮಾತ್ರ ಅಂದಳಂತೆ. ಒಳ್ಳೆಯ ಬೆಲೆ. ಖಾಲಿ ಮಾಡಿ ಕೊಡಬೇಕು, ನಾಳೆ ಬೆಳಗ್ಗೆ ಗಾಡಿ ಬರುತ್ತದೆ. ಒಳಗಿದ್ದದ್ದು ಯಾರಿಗಾದರೂ ಬೇಕಾ ಎಂದು ಮೊಬೈಲಿನಲ್ಲಿ ಕೇಳಿದ್ದನಂತೆ, ಯಾರೂ ಉತ್ತರ ಕೊಡಲಿಲ್ಲವಂತೆ. ಅವನ ದನಿಯಲ್ಲಿ ಕಳ್ಳತನವಿರಲಿಲ್ಲ. ಒಂದು ಕೆಲಸ ಮುಗಿಸಿದವನ ಸಮಾಧಾನವಿತ್ತು.

"ನೀನೇನೂ ಯೋಚ್ನೆ ಮಾಡ್ಬೇಡ ಕಣೇ," ಎಂದ. "ತಿಂಗಳಿಗೆ ಒಂದು ಬಾಟ್ಲು ಸೋಯಾ ಸಾಸ್ ಅಂತ ಖರ್ಚಿನ ಪಟ್ಟೀಲಿ ಸೇರ್ಸಿದೀನಿ. ಒಳ್ಳೇ ಕಂಪನೀದೇ."

ಹೇರಾನ್ ಬಗ್ಗಿ ಒಂದು ಜಾಡಿಯನ್ನು ಎತ್ತಿ ನೋಡಿದಳು. ತಳ ಉಜ್ಜಿ ಉಜ್ಜಿ ಹೊಳೆಯುತ್ತಿತ್ತು. ಅವನು ಯಾವ ಕೆಲಸವನ್ನೂ ಅರ್ಧಂಬರ್ಧ ಮಾಡುವವನಲ್ಲ.

ಅಷ್ಟರಲ್ಲಿ ಬಾಗಿಲು ಬಡಿದರು. ಕೆಳಗಿನ ಮನೆಯ ಅಜ್ಜಿ, ಮೂಗಿಗೆ ಟವೆಲು ಒತ್ತಿಕೊಂಡು ಬಂದಿದ್ದರು. ಒಣಗಲು ಹಾಕಿದ ಬಟ್ಟೆಗೆಲ್ಲ ವಾಸನೆ ಹತ್ತಿದೆ, ಏನು ಚೆಲ್ಲಿದಿರಿ ಎಂದು ಜೋರು ಮಾಡುತ್ತಲೇ ಒಳಗೆ ಬಂದವರು, ಜಾಡಿಗಳನ್ನು ಕಂಡು ಟವೆಲನ್ನು ಮೂಗಿನಿಂದ ತೆಗೆದರು. ಒಮ್ಮೆ ಉಸಿರೆಳೆದುಕೊಂಡರು.

"ಎಷ್ಟು ವರ್ಷದ್ದಮ್ಮಾ ಇದು?"

"ಅರವತ್ತು ದಾಟಿತ್ತು."

"ಒಂದು ಬಟ್ಲಾದ್ರೂ ಉಳಿಸಿದೀಯಾ?"

ಹೇರಾನ್ ಇಲ್ಲವೆಂದು ತಲೆಯಾಡಿಸಿದಳು. ಅಜ್ಜಿ ಸಾಂಗ್‌ಮೊನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಕೆಲ್ಸ ಬಿಟ್ಟು ಮನೇಲಿ ಕೂತಿರೋದು ನೀನೇನಪ್ಪಾ?" ಎಂದಷ್ಟೇ ಕೇಳಿ, ಉತ್ತರಕ್ಕೆ ಕಾಯದೆ ಕೆಳಗಿಳಿದು ಹೋದರು. ಬಟ್ಟೆಯ ಮಾತು ಮತ್ತೆ ಎತ್ತಲಿಲ್ಲ.

ಹೇರಾನ್ ಅಳಲಿಲ್ಲ, ಜಗಳ ತೆಗೆಯಲಿಲ್ಲ. ಬಟ್ಟೆ ಬದಲಿಸಿ, ನೀರು ಕಾಯಿಸಿ, ಬಾಲ್ಕನಿಯ ನೆಲವನ್ನು ತಾನೇ ಮೂರು ಸಲ ತೊಳೆದಳು. ಸಾಂಗ್‌ಮೊ ಬಾಗಿಲಲ್ಲಿ ನಿಂತು, ತಾನು ಆಗಲೇ ತೊಳೆದಿದ್ದೇನೆ, ಇಷ್ಟೊಂದು ಬಿಸಿನೀರು ಯಾಕೆ ಎಂದು ಮೆಲ್ಲಗೆ ಕೇಳಿದ. ನೆಲ ಉಜ್ಜುತ್ತಲೇ ಅವಳಿಗೆ ಆ ನಕ್ಷೆ ಕಣ್ಣಿಗೆ ಕಟ್ಟಿತು. ಅವನ ಹಾಸಿಗೆ, ಅವನ ಗಾಳ ಹಾಕುವ ಸಾಮಾನು, ಅವನ ಪುಸ್ತಕದ ಕಪಾಟು, ಎಲ್ಲದಕ್ಕೂ ಗೀಟುಗಳಿದ್ದವು. ಅವಳದೆಂದು ಇದ್ದದ್ದು ಆ ಸೊನ್ನೆಯೊಂದೇ.

ಸೋಮವಾರ ಅವಳು ಪೋಸ್ಟ್‌ಮಾಸ್ಟರರ ಕೋಣೆಗೆ ಹೋಗಿ, ನಿವೃತ್ತಿಯ ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದಳು. ಅವಳಿಗಿಂತ ಎಂಟು ವರ್ಷ ಚಿಕ್ಕವನಾದ ಆತ ಪೆನ್ನು ಕೆಳಗಿಟ್ಟು ಹಣೆ ತಿಕ್ಕಿಕೊಂಡ. ಕಾಗದ ಮೇಲಕ್ಕೆ ಹೋಗಿದೆ, ಅವಳ ಜಾಗಕ್ಕೆ ಬರುವವಳ ನೇಮಕ ಆಗಲೇ ಆಗಿದೆ. ಹಿಂದಕ್ಕೆ ತೆಗೆದುಕೊಳ್ಳಬಹುದು, ಆದರೆ ಈ ಕಚೇರಿಯಲ್ಲಿ ಕುರ್ಚಿ ಇಲ್ಲ ಎಂದ. ಇರುವುದು ಗುಮ್‌ಸಾನ್ ಕಡೆಯ ಒಂದು ಹಳ್ಳಿಯ ಅಂಚೆ ಕಚೇರಿ, ಮೂವರೇ ನೌಕರರು, ಅಲ್ಲಿಗೆ ಯಾರೂ ಹೋಗಲೊಪ್ಪುವುದಿಲ್ಲ.

"ಹೋಗ್ತೀನಿ," ಎಂದಳು ಹೇರಾನ್.

ಸಾಂಗ್‌ಮೊಗೆ ಆ ಸಂಜೆಯೇ ಹೇಳಿದಳು. ಮೊದಲು ಅವನಿಗೆ ಅರ್ಥವಾಗಲಿಲ್ಲ. ಇನ್ನೂ ಒಂದೆರಡು ವರ್ಷ ದುಡಿದರೆ ಲೆಕ್ಕ ಇನ್ನಷ್ಟು ಭದ್ರವಾಗುತ್ತದೆ, ಆದರೆ ಸಾಮ್‌ಚನ್‌ಪೊದಿಂದ ಗುಮ್‌ಸಾನ್‌ಗೆ ದಿನಾ ಓಡಾಡಲಾಗದು ಎಂದು ಲೆಕ್ಕ ಹಾಕತೊಡಗಿದ. ಓಡಾಡುವುದಿಲ್ಲ, ಅಲ್ಲೇ ಒಂದು ಬಾಡಿಗೆ ಕೋಣೆ ನೋಡಿಕೊಳ್ಳುತ್ತೇನೆ ಎಂದಾಗ ಅವನ ಮುಖ ಬಿಳುಪೇರಿತು.

"ಒಂದು ಜಾಡಿಗೋಸ್ಕರವಾ?" ಎಂದ. "ನಮ್ಮಪ್ಪ ಯಂತ್ರದ ಮುಂದೆ ನಿಂತಿದ್ದ ಹಾಗೇ ಸತ್ತೋದ ಕಣೇ. ಐವತ್ತೆಂಟಕ್ಕೆ. ಹಾಗಾಗ್ಬಾರ್ದು ಅಂತ ತಾನೇ ಇಷ್ಟೆಲ್ಲ ಮಾಡಿದ್ದು. ನಮ್ಮಿಬ್ರಿಗೂ ಸೇರ್ಸಿ ಮಾಡಿದ್ದು."

ಅವನ ಕೈ ಅಳತೆ ಟೇಪನ್ನು ಎಳೆಯುತ್ತ ಬಿಡುತ್ತ ಇತ್ತು. ಹೇರಾನ್‌ಗೆ ಅದು ಕಂಡಿತು. ಸುಳ್ಳು ಹೇಳುತ್ತಿಲ್ಲವೆಂದೂ ಗೊತ್ತಿತ್ತು. ಒಂದು ಕ್ಷಣ ಆ ಕೈ ಹಿಡಿದುಕೊಳ್ಳೋಣ ಅನ್ನಿಸಿತು.

"ಇಬ್ರಿಗೆ ಸಾಲಲ್ಲಾರೀ ಆ ಮನೆ," ಎಂದಳು. "ನೀವೇ ಅಳೆದಿದೀರಲ್ಲ."

ಜೂನ್ ಕೊನೆಯ ಶನಿವಾರ ಎರಡು ಗಾಡಿ ಬಂದವು. ದೊಡ್ಡದರಲ್ಲಿ ಸಾಂಗ್‌ಮೊನ ಸಾಮಾನು ಅವನು ಗೀಟು ಹಾಕಿದ ಕ್ರಮದಲ್ಲೇ ಏರಿತು. ಚಿಕ್ಕದರಲ್ಲಿ ಹೇರಾನ್‌ಳ ನಾಲ್ಕು ಪೆಟ್ಟಿಗೆ, ಒಂದು ಹಾಸಿಗೆ ಸುರುಳಿ. ದಾರಿಗೆಂದು ಅವಳು ಅವನಿಗೆ ಒಣ ಕಡಲಪಾಚಿಯ ಹಾಳೆಯಲ್ಲಿ ಸುತ್ತಿದ ಅನ್ನ ಕಟ್ಟಿಕೊಟ್ಟಳು. ಅವನು ಖಾಲಿ ಮನೆಯ ಒಳಗೆ ಹೋಗಿ ಎಲ್ಲ ನಲ್ಲಿಗಳನ್ನೂ ಇನ್ನೊಮ್ಮೆ ತಿರುವಿ ನೋಡಿ ಬಂದ. ಜಗಳವಾಡಿದವರಂತೆ ಇಬ್ಬರೂ ಇರಲಿಲ್ಲ. ಯಾರದೋ ಮನೆ ಸಾಗಿಸಲು ಬಂದ ಕೂಲಿಯವರ ಹಾಗಿದ್ದರು.

ಗುಮ್‌ಸಾನ್‌ನ ಕೋಣೆಯ ಕಿಟಕಿ ತೆರೆದರೆ ಪಕ್ಕದ ಗೋದಾಮಿನ ತಗಡು. ಕಚೇರಿಗೆ ಬರುವವರೆಲ್ಲ ಕಿವಿ ಮಂದವಾದ ಮುದುಕರು. ಒಂದೇ ಮಾತನ್ನು ಮೂರು ಸಲ ಕೂಗಿ ಹೇಳಬೇಕು. ಸಂಜೆಗೆ ಗಂಟಲು ಕಟ್ಟುತ್ತಿತ್ತು. ಬಿಟ್ಟುಬಿಡಬಹುದಾಗಿದ್ದ ಕೆಲಸವನ್ನು ತಾನೇ ಬೇಡಿ ಪಡೆದೆನಲ್ಲ ಎಂದು ಎಷ್ಟೋ ಬೆಳಗ್ಗೆ ಬಸ್ಸು ಕಾಯುತ್ತ ತನ್ನನ್ನೇ ಬೈದುಕೊಂಡಳು.

ಸೆಪ್ಟೆಂಬರಿನ ಒಂದು ಮಧ್ಯಾಹ್ನ, ಅವಳು ಕೌಂಟರಿನ ಹಿಂದೆ ಬುತ್ತಿ ಬಿಚ್ಚಿದ್ದಾಗ ಸಾಂಗ್‌ಮೊನ ಫೋನು ಬಂತು. ಸಮುದ್ರ ಶಾಂತವಾಗಿದೆ ಎಂದ. ನಿನ್ನೆ ಎರಡು ಮೀನು ಬಿತ್ತಂತೆ, ಒಂದನ್ನು ತಿರುಗಿ ಬಿಟ್ಟನಂತೆ, ಅದು ಇಬ್ಬರಿಗಾಗುವಷ್ಟು ದೊಡ್ಡದಿತ್ತಂತೆ.

"ಇಲ್ಲಿ ಒಂದು ಕುರ್ಚಿ ಹೆಚ್ಚಾಗಿದೆ," ಎಂದ ಕೊನೆಗೆ. "ಮಾರ್ಬಿಡ್ಲಾ?"

ಹೇರಾನ್ ಕಚೇರಿಯ ಕಿಟಕಿಯಾಚೆ ನೋಡಿದಳು.

"ಮಾರಿ," ಎಂದಳು.

ಅವನು ಫೋನು ಇಡಲಿಲ್ಲ, ಅವಳೂ ಇಡಲಿಲ್ಲ. ರಸ್ತೆಯ ಅಂಚಿನಲ್ಲಿ ಉದ್ದಕ್ಕೂ ಕೆಂಪು ಮೆಣಸಿನಕಾಯಿ ಹರಡಿತ್ತು. ಒಬ್ಬ ಮುದುಕಿ ಕುಕ್ಕರಗಾಲಿನಲ್ಲಿ ಕೂತು, ಒಂದೊಂದನ್ನೇ ಎತ್ತಿ ಬಿಸಿಲಿಗೆ ಮಗುಚಿ ಹಾಕುತ್ತ, ಹಾಗೇ ತುಸು ತುಸುವೇ ಮುಂದಕ್ಕೆ ಸರಿಯುತ್ತಿದ್ದಳು.